ಅಜ್ಜ ತುಂಬಿಸಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಹುಲೇಕಲ್ ರಸ್ತೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಿರಸಿ ಹತ್ತಿರದ ತೋಟದ ಮನೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಈಗ ಸ್ವಲ್ಪ ದಿನದ ಮಟ್ಟಿಗೆ ಊರಿನಲ್ಲೇ ಇದ್ದೇನೆ. ಮಳೆಗಾಲ ಶುರುವಾಗುವ ಮೊದಲು ಮನೆಯ ಹಂಚು ಕೈಯಾಡಿಸಬೇಕು ಅಂತ ಮೆತ್ತು (ಅಟ್ಟ) ಖಾಲಿ ಮಾಡಿದೆವು. ಆಗ ಒಂದು ತಗಡಿನ ಟ್ರಂಕ್ ಸಿಕ್ಕಿತು. ತುಂಬ ಕ್ಯಾಸೆಟ್. ಎಲ್ಲ ಅಜ್ಜನದು.

ಅಜ್ಜನಿಗೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಅಂದರೆ ಪ್ರಾಣ. ನಮ್ಮ ಜಗುಲಿಯಲ್ಲೋ ಆಚೆ ಕೇರಿಯಲ್ಲೋ ಕೂಟ ಇದ್ದಾಗಲೆಲ್ಲ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರಂತೆ. ಕ್ಯಾಸೆಟ್ ಕೆಲವು ಸೋನಿ, ಟಿಡಿಕೆ. ಜಾಸ್ತಿ ಇರುವುದು ಮೆಲ್‌ಟ್ರ್ಯಾಕ್. ಮೇಲೆ ನೀಲಿ ಪೆನ್ನಿನಲ್ಲಿ ‘ಸಂಧಾನ 2’, ‘ಕರ್ಣಪರ್ವ, ನಮ್ಮನೆ’ ಅಂತ ಬರೆದಿದ್ದಾರೆ. ಪದ್ಯ ಹಾಡಿದ ಭಾಗವತರು ಯಾರು, ಪಾತ್ರವಾಗಿ ಮಾತಾಡುವುದಕ್ಕೆ ಅರ್ಥ ಅನ್ನುತ್ತಾರಲ್ಲ, ಅದು ಯಾರದ್ದು, ಯಾವ ವರ್ಷ, ಒಂದೂ ಇಲ್ಲ. ಎಷ್ಟೋ ಕ್ಯಾಸೆಟ್ ಮೇಲೆ ಬರಹವೇ ಇಲ್ಲ.

ಕೆಲವು ಕ್ಯಾಸೆಟ್‌ಗಳ ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಬಿಳಿ ಹತ್ತಿದೆ, ಬೂಸ್ಟು ಇರಬೇಕು. ಒಂದರ ಟೇಪು ಸುರುಳಿಯಿಂದ ಕಿತ್ತು ಬಂದಿದೆ. ಅಜ್ಜನ ಟೇಪ್ ರೆಕಾರ್ಡರ್ ಇದೆ, ಆದರೆ ಒಳಗಿನ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಾಗಿದೆ. ಒಬ್ಬ ಮಾವ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಕೊಟ್ಟುಬಿಡು ಎನ್ನುತ್ತಾರೆ. ತಮ್ಮ ಹೇಳುವುದು, ಯಾರದ್ದಾದರೂ ಟೇಪ್ ತಂದು ಹಾಕಿ ಪಕ್ಕದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೆ ಆಯಿತಲ್ಲ ಅಂತ. ಯಾವುದು ಸರಿ? ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಖರ್ಚಿಗೆ ತೊಂದರೆ ಇಲ್ಲ, ಹಾಳಾಗಬಾರದು ಅಷ್ಟೇ.

---

ಕುಮಟಾ ರೇಡಿಯೋ:

ತಂಗಿ, ಮೊದಲು ಒಂದು ಮಾತು. ಯಾವ ಕ್ಯಾಸೆಟ್ಟನ್ನೂ ಈಗಲೇ ಯಾವ ಮಶಿನ್ನಿಗೂ ಹಾಕಬೇಡಿ. ಇಷ್ಟು ವರ್ಷ ಟ್ರಂಕಿನಲ್ಲಿ ಇದ್ದದ್ದು ಇನ್ನೊಂದು ವಾರ ಇದ್ದರೆ ಏನೂ ಆಗುವುದಿಲ್ಲ. ಆತುರದಲ್ಲಿ ಹಾಕಿದ ಟೇಪನ್ನು ಮಶಿನ್ನು ನುಂಗಿತು ಅಂದರೆ ಹೋಯಿತು.

ಕುಮಟೆಯಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿ ಮುಚ್ಚಿದರೂ ಒಂದು ಒಳ್ಳೆಯ ಡೆಕ್ (ಕ್ಯಾಸೆಟ್ ಓಡಿಸುವ ದೊಡ್ಡ ಮಶಿನ್ನು) ಇಟ್ಟುಕೊಂಡಿದ್ದೇನೆ. ಊರವರ ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಈಗ ನನ್ನ ಹವ್ಯಾಸ. ದುಡ್ಡಿಗಲ್ಲ, ಆ ದನಿಗಳನ್ನು ಕೇಳುವ ಆಸೆಗೆ.

ಕ್ಯಾಸೆಟ್ಟಿನ ಬೆನ್ನು ನೋಡಿ, ಅಂದರೆ ಟೇಪು ಹೊರಗೆ ಕಾಣುವ ಬದಿಯ ಎದುರು ಬದಿ. ಎರಡೂ ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಎರಡನ್ನೂ ಮುರಿಯಿರಿ. ಆಮೇಲೆ ಯಾರಾದರೂ ಅಪ್ಪಿತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅದು ಕೆಳಗೆ ಹೋಗುವುದಿಲ್ಲ. ಇದಕ್ಕೆ ಕಾಸು ಬೇಡ, ಇವತ್ತೇ ಮಾಡಿ.

ಆಮೇಲೆ ಎಲ್ಲವನ್ನೂ ಬೆಳಕಿಗೆ ಹಿಡಿದು ಮೂರು ರಾಶಿ ಮಾಡಿ. ಚೆನ್ನಾಗಿ ಕಾಣುವುದು ಒಂದು. ಟೇಪು ಕಿತ್ತದ್ದು, ಒಳಗಿನ ಸಣ್ಣ ಫೆಲ್ಟ್ ಬಟ್ಟೆ ಬಿದ್ದುಹೋದದ್ದು ಇನ್ನೊಂದು. ಬೂಸ್ಟು ಹಿಡಿದದ್ದು ಮೂರನೆಯದು. ಈ ಮೂರನೆಯ ರಾಶಿ ಉಳಿದವುಗಳ ಹತ್ತಿರವೂ ಇರಬಾರದು. ಬೇರೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಿಸಿಲಿಗೆ ಇಡಬೇಡಿ, ಒಲೆಯ ಹತ್ತಿರ ಅಂತೂ ಬೇಡವೇ ಬೇಡ. ಬಿಸಿಗೆ ಟೇಪು ಸೊಟ್ಟಗಾಗುತ್ತದೆ. ಬೂಸ್ಟಿನ ಟೇಪು ಒಂದು ಸಲ ಡೆಕ್ಕಿನಲ್ಲಿ ಓಡಿದರೆ ಆ ಪುಡಿ ಮಶಿನ್ನಿಗೆ ಹತ್ತಿ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹೋಗುತ್ತದೆ. ಅದನ್ನು ಕೊನೆಗೆ ಮಾಡೋಣ.

ಟೇಪು ಕಿತ್ತದ್ದಕ್ಕೆ ಹೆದರಬೇಡಿ. ಹೊರ ಚಿಪ್ಪಿಗೆ ಐದು ಸ್ಕ್ರೂ ಇದ್ದರೆ ಬಿಚ್ಚಿ ಸರಿ ಮಾಡಬಹುದು. ಸ್ಕ್ರೂ ಇಲ್ಲದೆ ಅಂಟಿಸಿದ ಚಿಪ್ಪು ಆದರೆ ಜಾಗ್ರತೆಯಿಂದ ಒಡೆದು, ಎರಡು ಸುರುಳಿಯನ್ನೂ ಸ್ಕ್ರೂ ಇರುವ ಬೇರೆ ಚಿಪ್ಪಿಗೆ ವರ್ಗಾಯಿಸಬೇಕು. ಕೂಡಿಸಲು ಮಾಮೂಲಿ ಸೆಲ್ಲೋಟೇಪ್ ಹಾಕಬೇಡಿ. ಅದರ ಗೋಂದು ಮುಂದೆ ಒಸರಿ ಪಕ್ಕದ ಸುತ್ತಿಗೂ ಹತ್ತುತ್ತದೆ. ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಬರುತ್ತದೆ.

ಈಗ ಮಶಿನ್ನು. ಆನ್‌ಲೈನಿನಲ್ಲಿ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಅಂತ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ಅದರ ಓಟ ಒಂದೇ ಸಮ ಇರುವುದಿಲ್ಲ. ಭಾಗವತರ ಶ್ರುತಿ ನಡುಗುತ್ತದೆ. ಮಾತಿಗೆ ಹೇಗೋ ನಡೆಯಬಹುದು, ಪದ್ಯ ಕೇಳಲು ಆಗುವುದಿಲ್ಲ. ಯಾರ ಮನೆಯಲ್ಲಾದರೂ ಹಳೆಯ ದೊಡ್ಡ ಡೆಕ್ ಇದ್ದೇ ಇರುತ್ತದೆ. ಹೊಸ ಬೆಲ್ಟು ಹಾಕಿಸಿ. ಹೆಡ್ಡನ್ನು, ಅಂದರೆ ಟೇಪಿಗೆ ತಾಗಿ ದನಿ ಓದುವ ಭಾಗವನ್ನು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒರೆಸಿ, ಹತ್ತಿಗೆ ಕಂದು ಬಣ್ಣ ಬರುವುದು ನಿಲ್ಲುವ ತನಕ. ರಬ್ಬರಿನ ಉರುಳೆಗೆ ಮಾತ್ರ ಆಲ್ಕೋಹಾಲ್ ಬೇಡ, ಒದ್ದೆ ಬಟ್ಟೆ ಸಾಕು.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇದೆ. ಅದು ಹೆಡ್ಡಿನ ವಾಲು ಎಷ್ಟು ಎಂದು ನಿರ್ಧರಿಸುತ್ತದೆ. ಅಜ್ಜನ ಮಶಿನ್ನಿನ ಹೆಡ್ಡು ಒಂದು ಕೂದಲೆಳೆಯಷ್ಟು ವಾರೆ ಇದ್ದಿದ್ದರೆ ಎಲ್ಲ ಕ್ಯಾಸೆಟ್ಟೂ ಅದೇ ವಾರೆಯಲ್ಲೇ ತುಂಬಿರುತ್ತವೆ. ನಿಮ್ಮ ಡೆಕ್ಕಿನ ಹೆಡ್ಡು ನೆಟ್ಟಗಿದ್ದರೆ ದನಿ ಮಂಕಾಗಿ, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಆಗ ಸ್ಕ್ರೂ ಮೊದಲು ಎಲ್ಲಿತ್ತು ಅಂತ ಗುರುತು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ, ತೀರಾ ನಿಧಾನವಾಗಿ ಆಚೆ ಈಚೆ ತಿರುಗಿಸಿ. ಮಾತು ಕೇಳಬೇಡಿ, ತಾಳ ಕೇಳಿ. ಭಾಗವತರ ತಾಳದ ಠಣ್ ಅನ್ನುವ ತುದಿ ಯಾವಾಗ ಚೂಪಾಗಿ ಬರುತ್ತದೋ ಅಲ್ಲಿ ನಿಲ್ಲಿಸಿ. ಮದ್ದಳೆಯ ಬಲಗೈ ಪೆಟ್ಟೂ ಆಗಲೇ ಬಿಡಿಬಿಡಿಯಾಗುತ್ತದೆ. ಮಂಕು ಅಂತ ಜನ ಎಸೆದ ಎಷ್ಟೋ ಟೇಪುಗಳು ಈ ಒಂದು ಸ್ಕ್ರೂವಿನಿಂದ ಎದ್ದು ಕೂತದ್ದನ್ನು ನೋಡಿದ್ದೇನೆ.

ಮೊಬೈಲ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡುವುದು ಬೇಡ. ಸ್ಪೀಕರಿನ ದೋಷ, ಕೋಣೆಯ ಗುಂಯ್ ಅನ್ನುವ ಶಬ್ದ, ಫ್ಯಾನು, ಹೊರಗಿನ ಕೋಳಿ, ಎಲ್ಲ ಸೇರುತ್ತದೆ. ಡೆಕ್ಕಿನ ಹಿಂದಿನ ಕೆಂಪು, ಬಿಳಿ ಪಿನ್ನಿನಿಂದ ಒಂದು ಸಣ್ಣ ಯುಎಸ್‌ಬಿ ಆಡಿಯೋ ಪೆಟ್ಟಿಗೆಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಚುಚ್ಚಿದರೆ ದನಿ ಒಡೆಯುತ್ತದೆ, ಅದು ಮೈಕಿನ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು. ತಂತ್ರಾಂಶಕ್ಕೆ ಆಡಾಸಿಟಿ ಸಾಕು, ಉಚಿತ. ಮಟ್ಟ ಇಡುವಾಗ ಅರ್ಥ ಹೇಳುವ ಜಾಗ ನೋಡಿ ಇಡಬೇಡಿ. ಚಂಡೆ ಇದ್ದರೆ ಚಂಡೆ, ಇಲ್ಲದಿದ್ದರೆ ಮದ್ದಳೆ ಜೋರಾಗುವ ಜಾಗ ಹುಡುಕಿ, ಅಲ್ಲಿ ಮೀಟರು ಸೊನ್ನೆಗಿಂತ 6 ಡೆಸಿಬೆಲ್ ಕೆಳಗೆ ನಿಲ್ಲಲಿ. ಕಡಿಮೆ ಆದರೆ ಆಮೇಲೆ ಏರಿಸಬಹುದು, ಮೇಲೆ ಬಡಿದು ಒಡೆದದ್ದನ್ನು ಕೂಡಿಸಲು ಆಗುವುದಿಲ್ಲ.

ಸ್ಟುಡಿಯೋಕ್ಕೆ ಕೊಡುವುದು ತಪ್ಪಲ್ಲ. ಆದರೆ ಅವರಿಗೆ ಇದು ಒಂದು ಕ್ಯಾಸೆಟ್ ಮಾತ್ರ, ತಾಳದ ತುದಿ ಹುಡುಕುತ್ತಾ ಕೂರುವ ಪುರುಸೊತ್ತು ಇರುವುದು ಕಷ್ಟ. ನೀವು ಮನೆಯಲ್ಲಿ ಮಾಡಿದರೆ ಇನ್ನೊಂದು ಲಾಭವಿದೆ, ಮನೆಯ ಹಿರಿಯರು ಪಕ್ಕದಲ್ಲಿ ಕೂತು ಕೇಳುತ್ತಾರೆ. ಈ ಇಡೀ ಕೆಲಸದಲ್ಲಿ ಬೆಲೆ ಇರುವುದು ಅದಕ್ಕೇ. ಟೇಪಿನಲ್ಲಿ ಇರುವುದು ಯಾರ ದನಿ ಅಂತ ಹೇಳುವವರು ಇವತ್ತು ಇದ್ದಾರೆ. ಟೇಪು ಇನ್ನೂ ಹತ್ತು ವರ್ಷ ಬಾಳೀತು. ಅವರದ್ದು ಹೇಳಲು ಬರುವುದಿಲ್ಲ.

---

ಗುಣವಂತೆ ಕ್ರಾಸ್:

ಕುಮಟೆಯವರ ಕೊನೆಯ ಮಾತಿಗೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ಮಶಿನ್ನಿನ ವಿಷಯ ನನಗೆ ಬರುವುದಿಲ್ಲ. ತಾಳಮದ್ದಳೆ ಕೇಳುತ್ತಾ ಬೆಳೆದವ ನಾನು.

ನಮ್ಮ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಎಂಬ ಯಕ್ಷಗಾನ ತಂಡ ಕಟ್ಟಿದ್ದು 1934ರಲ್ಲಿ. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ ತೀರಿಹೋದರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ, ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ. ಇವರ ಹೆಸರು ಎಲ್ಲರಿಗೂ ಗೊತ್ತು. ಇವರ ಆಟದ, ಪದ್ಯದ ರೆಕಾರ್ಡು ಬೇರೆ ಬೇರೆ ಕಡೆ ಇವೆ, ಹುಡುಕಿದರೆ ಸಿಗುತ್ತವೆ. ನಿಮ್ಮ ಟ್ರಂಕಿನಲ್ಲಿ ಅವರ ದನಿ ಇದ್ದರೆ ಸಂತೋಷವೇ.

ಆದರೆ ನಿಮ್ಮ ಜಗುಲಿಯಲ್ಲಿ ಕೂತು ಅರ್ಥ ಹೇಳಿದ ಹೆಚ್ಚಿನವರು ಮೇಳದವರು ಆಗಿರಲಿಕ್ಕಿಲ್ಲ. ಹಗಲು ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಿ, ರಾತ್ರಿ ಬಂದು ಕೌರವನ ಅರ್ಥ ಹೇಳಿದವರು. ಶಾಲೆ ಮಾಸ್ತರು, ಸೊಸೈಟಿ ಗುಮಾಸ್ತ, ಪುರೋಹಿತರು. ಕೆಲವರ ಮಾತು ದೊಡ್ಡ ಹೆಸರಿನವರಿಗೆ ಸರಿಗಟ್ಟುವಂತೆ ಇರುತ್ತಿತ್ತು. ಅವರ ದನಿ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ, ಆ ಟ್ರಂಕಿನಲ್ಲಿ ಮಾತ್ರ ಇದೆ. ಅದಕ್ಕೇ ‘ಹೆಸರಿಲ್ಲದ ಕ್ಯಾಸೆಟ್’ ಅಂತ ಯಾವುದನ್ನೂ ಬದಿಗಿಡಬೇಡಿ. ನಾನಾದರೆ ಅವನ್ನೇ ಮೊದಲು ಕೇಳುತ್ತಿದ್ದೆ.

ಗುರುತು ಹಿಡಿಯಲು ನನಗೆ ತಿಳಿದ ದಾರಿ ಹೇಳುತ್ತೇನೆ. ಅರ್ಥಧಾರಿ ಕೂಟದ ಮಧ್ಯೆ ತನ್ನ ಹೆಸರು ಹೇಳುವುದಿಲ್ಲ, ಅಲ್ಲಿ ಅವನು ಕೃಷ್ಣನೋ ಕರ್ಣನೋ ಮಾತ್ರ. ಆದರೆ ಕೊನೆಯ ಮಂಗಳದ ಹಾಡು ಆದ ಮೇಲೆ ಮನೆಯವರು ಎದ್ದು ನಾಲ್ಕು ಮಾತು ಹೇಳುವ ಕ್ರಮ ಎಷ್ಟೋ ಕಡೆ ಇತ್ತು. ಇಂಥವರು ಭಾಗವತಿಕೆ ಮಾಡಿದರು, ಇಂಥವರು ದೂರದಿಂದ ಬಂದರು, ಎಲ್ಲರೂ ಊಟ ಮಾಡಿಯೇ ಹೋಗಬೇಕು ಅಂತ. ಹಾಗಾಗಿ ಪ್ರತಿ ಪ್ರಸಂಗದ ಕೊನೆಯ ಕ್ಯಾಸೆಟ್ಟಿನ ಕೊನೆ ಮೊದಲು ಕೇಳಿ. ಹೆಸರು, ತಾರೀಖು ಅಲ್ಲೇ ಸಿಗುವ ಸಂಭವ ಹೆಚ್ಚು.

ಮತ್ತೆ, ಕ್ಯಾಸೆಟ್ಟಿನ ಕಾಗದದ ಮೇಲೆ ಬೆಲೆ, ತಯಾರಾದ ವರ್ಷ ಅಚ್ಚಾಗಿದ್ದರೆ ಬರೆದುಕೊಳ್ಳಿ. ಕೂಟ ಅದಕ್ಕಿಂತ ಹಿಂದಿನದಂತೂ ಆಗಿರುವುದಿಲ್ಲ. ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳಿಯಲು ಪ್ರಸಂಗದ ಪುಸ್ತಕ ಎದುರಿಗೆ ಇಟ್ಟುಕೊಂಡು ಪದ್ಯಕ್ಕೆ ಗುರುತು ಹಾಕುತ್ತಾ ಹೋಗಿ. ಕ್ಯಾಸೆಟ್ ಮಗುಚುವಾಗ ಒಂದೆರಡು ವಾಕ್ಯ ತಪ್ಪಿರುತ್ತದೆ, ಪದ್ಯದ ಸಾಲು ನೋಡಿದರೆ ಕೊಂಡಿ ಸಿಗುತ್ತದೆ.

ನಿಮ್ಮ ಮನೆಯಲ್ಲಿ ಹಿರಿಯರು ಯಾರಿದ್ದಾರೆ? ಅವರನ್ನು ಕೂರಿಸಿ ಪ್ರತಿ ಬದಿಯ ಮೊದಲ ಐದು ನಿಮಿಷ ಕೇಳಿಸಿ. ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಬರೆಯುತ್ತಾ ಕೂರಬೇಡಿ. ‘ಇದು ನಮ್ಮ ಆಚೆಮನೆ ಭಾವನಲ್ಲವೇ’ ಅಂತ ಶುರು ಮಾಡಿದವರು ಆ ರಾತ್ರಿಯ ಇಡೀ ಕತೆ ಹೇಳುತ್ತಾರೆ. ಅಡ್ಡ ಬಾಯಿ ಹಾಕದೆ ಬಿಟ್ಟುಬಿಡಿ.

---

ಕೋಡಿಬಾಗ:

ಕಾರವಾರದಿಂದ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಕೆಲಸ. ನಮ್ಮ ಮನೆಯ ಭಜನೆ ಕ್ಯಾಸೆಟ್‌ಗಳನ್ನು ನಾನೂ ಇಳಿಸಿದ್ದೇನೆ. ಕುಮಟೆಯವರ ಅನುಭವಕ್ಕೆ ಗೌರವ ಇದೆ, ಆದರೂ ಒಂದು ವಿಷಯದಲ್ಲಿ ಒಪ್ಪುವುದಿಲ್ಲ. ಒಳ್ಳೆಯ ಡೆಕ್ ಸಿಗಲಿ, ಬೆಲ್ಟ್ ಸಿಗಲಿ ಅಂತ ಕಾಯುತ್ತಾ ಕೂತರೆ ರಜೆ ಮುಗಿಯುತ್ತದೆ, ಅಕ್ಕ ಬೆಂಗಳೂರಿಗೆ ಹೋಗುತ್ತಾರೆ, ಟ್ರಂಕ್ ಮತ್ತೆ ಮೆತ್ತಿಗೆ ಏರುತ್ತದೆ. ಹತ್ತು ಮನೆಯಲ್ಲಿ ಒಂಬತ್ತರಲ್ಲಿ ಆಗುವುದು ಇದೇ. ಅಗ್ಗದ ಪ್ಲೇಯರಿನಲ್ಲಾದರೂ ಈ ವರ್ಷ ಇಳಿಸಿದರೆ ಏನೋ ಒಂದು ಕೈಯಲ್ಲಿ ಇರುತ್ತದೆ ಅಲ್ವಾ? ದನಿ ಯಾರದ್ದು ಅಂತ ಕೇಳಿ ಗುರುತಿಸಲು ಅಷ್ಟು ಸಾಕು.

ಇಟ್ಟುಕೊಳ್ಳುವ ವಿಷಯ. ಮೂಲ ಪ್ರತಿ ವೇವ್ ಫೈಲಿನಲ್ಲೇ ಇರಲಿ. 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ, 90ರದ್ದಕ್ಕೆ 900. ಜಾಗ ಜಾಸ್ತಿ ಅನಿಸಿದರೆ ಫ್ಲಾಕ್‌ಗೆ ಬದಲಿಸಿ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ದನಿಯಲ್ಲಿ ಏನೂ ಕಳೆಯುವುದಿಲ್ಲ. ಎಂಪಿ3 ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಲು ಮಾತ್ರ. ಮೂರು ಪ್ರತಿ ಬೇಕು, ಅದರಲ್ಲಿ ಒಂದು ಬೇರೆ ಊರಿನಲ್ಲಿ ಇರಲೇಬೇಕು. ಗೂಗಲ್ ಡ್ರೈವಿನ ಉಚಿತ 15 ಜಿಬಿ ಒಂದು ಟ್ರಂಕಿಗೆ ಸಾಲುವುದಿಲ್ಲ, ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಮಲೆನಾಡಿನ ಥಂಡಿಗೂ ನಮ್ಮ ಸಮುದ್ರದ ಉಪ್ಪುಗಾಳಿಗೂ ಅದು ಆಗಿಬರುವುದಿಲ್ಲ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ. ಮಳೆಗೆ ಮೊದಲಿನ ಗುಡುಗಿನ ದಿನ ಪ್ಲಗ್ ಕಿತ್ತಿಡಿ.

ಇನ್ನು ಎಐ. ಈಗ ಒಂದು ಬಟನ್ ಒತ್ತಿದರೆ ಹಿನ್ನೆಲೆ ಶಬ್ದ ತೆಗೆದು ಮಾತು ಮಾತ್ರ ಉಳಿಸುವ ತಂತ್ರಾಂಶಗಳಿವೆ. ಅವು ಮನುಷ್ಯರ ಮಾತಿಗೆ ತಯಾರಾದವು. ಅರ್ಥ ಇರುವ ಜಾಗಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ನಮ್ಮ ಭಜನೆಗೆ ಹಾಕಿದಾಗ ಮಾತ್ರ ತಾಳ ಪೂರ್ತಿ ಹೋಯಿತು, ತಬಲಾ ನೀರಿನೊಳಗೆ ಬಾರಿಸಿದಂತೆ ಆಯಿತು. ಕೇಳಲು ಒಂದು ಬೇರೆ ಪ್ರತಿ ಮಾಡಿಕೊಳ್ಳಿ, ಮೂಲಕ್ಕೆ ಕೈ ಹಚ್ಚಬೇಡಿ.

---

ಕುಮಟಾ ರೇಡಿಯೋ:

ಕೋಡಿಬಾಗದ ತಮ್ಮ, ಟ್ರಂಕ್ ಮತ್ತೆ ಮೆತ್ತಿಗೆ ಹೋಗುತ್ತದೆ ಅನ್ನುವ ನಿಮ್ಮ ಭಯ ನಿಜ. ಆದರೂ ಅಗ್ಗದ ಪ್ಲೇಯರ್ ಬೇಡ ಅಂತಲೇ ಹೇಳುತ್ತೇನೆ. ಹಳೆಯ ಟೇಪು ಎಷ್ಟು ಸಲ ಓಡೀತು ಅಂತ ಯಾರೂ ಹೇಳಲಾರರು. ಮೊದಲ ಓಟವೇ ಕೊನೆಯ ಓಟ ಆಗಬಹುದು. ಅದನ್ನು ಒಳ್ಳೆಯ ಡೆಕ್ಕಿಗೆ ಮೀಸಲಿಡಬೇಕು. ಗುರುತಿಸಲು ಬೇಕಾದರೂ ಇಳಿಸಿದ ಫೈಲನ್ನೇ ಕೇಳಿಸಿ, ಟೇಪನ್ನು ಮತ್ತೆ ಮತ್ತೆ ಓಡಿಸಬೇಡಿ. ರಜೆ ಮುಗಿಯುವುದರೊಳಗೆ ಎಲ್ಲ ಆಗದಿದ್ದರೆ ಆದಷ್ಟು ಮಾಡಿ, ಉಳಿದದ್ದು ಮುಂದಿನ ಸಲ.

ಶಬ್ದ ತೆಗೆಯುವ ವಿಷಯದಲ್ಲಿ ನಿಮ್ಮ ಮಾತು ಸರಿ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಆ ಟೇಪುಗಳಲ್ಲಿ ಹಿಂದೆ ಸುಯ್ ಅಂತ ಕೇಳುತ್ತದಲ್ಲ, ಎಲ್ಲವೂ ಟೇಪಿನ ಗದ್ದಲ ಅಲ್ಲ. ಕರೆಂಟ್ ಇಲ್ಲದ ಕಾಲದ ಕೂಟ ಆದರೆ ಅದರಲ್ಲಿ ಗ್ಯಾಸ್‌ಲೈಟಿನ ಶಬ್ದವೂ ಇರುತ್ತದೆ. ಅದಕ್ಕೆ ಗಾಳಿ ಹಾಕುವ ಪಂಪಿನ ಶಬ್ದ ನಡುವೆ ಕೇಳಿದರೆ ಗೊತ್ತಾಗುತ್ತದೆ. ಹಂಚಿನ ಮೇಲಿನ ಮಳೆ, ಜೀರುಂಡೆ, ಯಾರೋ ಕೆಮ್ಮುವುದು, ಒಳ್ಳೆಯ ಮಾತು ಬಂದಾಗ ಕೂತವರು ಹೂಂ ಅನ್ನುವುದು, ಇದೆಲ್ಲ ಆ ಕೂಟದ್ದೇ. ತೆಗೆಯಬೇಡಿ.

---

ಬನವಾಸಿ ದಾರಿ:

ಒಂದು ಸಣ್ಣ ಸೂಚನೆ. ಇಳಿಸಿದ ಕೂಡಲೇ ಯೂಟ್ಯೂಬಿಗೆ ಹಾಕಲು ಹೋಗಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ, ಪ್ರದರ್ಶನ ನಡೆದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 50 ವರ್ಷ. ಕಾಯ್ದೆ ಬದಿಗಿರಲಿ, ಅವರು ನಿಮ್ಮ ಅಜ್ಜನ ಮನೆಗೆ ಬಂದು ಸ್ನೇಹಕ್ಕೆ ಅರ್ಥ ಹೇಳಿದವರು. ಯಾರು ಅಂತ ಗೊತ್ತಾದ ಮೇಲೆ ಅವರ ಮಕ್ಕಳನ್ನು ಕೇಳಿ. ಒಂದು ಪ್ರತಿ ಅವರಿಗೂ ಕೊಡಿ. ಬೇಡ ಅನ್ನುವವರು ಕಡಿಮೆ.

ಸಂಗ್ರಹಕ್ಕೆ ಕೊಡುವ ಮನಸ್ಸಿದ್ದರೆ ಉಡುಪಿ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇದೆ. ನಮಗೆ ಹತ್ತಿರದ್ದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ. ವಿಚಾರಿಸಿ ನೋಡಿ. ಮೂಲ ಕ್ಯಾಸೆಟ್ ಮಾತ್ರ ಯಾರಿಗೂ ಸುಮ್ನೆ ಕೊಟ್ಟು ಕೂರಬೇಡಿ.

---

ಹುಲೇಕಲ್ ರಸ್ತೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪ್ಲಾಸ್ಟಿಕ್ ತುಂಡು ಎಲ್ಲ ಮುರಿದೆ. ಮೂರು ರಾಶಿ ಮಾಡಿದೆ. ಸಿದ್ದಾಪುರದ ಅತ್ತೆ ಮನೆಯಲ್ಲಿ ದೊಡ್ಡ ಡೆಕ್ ಇತ್ತು, ಹೊಸ ಬೆಲ್ಟ್ ಹಾಕಿಸಿ ತಂದೆವು. ತಾಳ ಕೇಳುತ್ತಾ ಸ್ಕ್ರೂ ತಿರುಗಿಸಿದ್ದು ನಿಜಕ್ಕೂ ಮ್ಯಾಜಿಕ್. ಪಕ್ಕದಲ್ಲಿ ಕೂತಿದ್ದ ಆಯಿ (ನನ್ನ ಅಮ್ಮ) ‘ಈಗ ಬಾಗಿಲು ತೆಗೆದ ಹಾಗಾಯಿತು ನೋಡು’ ಅಂದಳು.

ಗುಣವಂತೆಯವರು ಹೇಳಿದ ಹಾಗೆ ಕೊನೆಯ ಕ್ಯಾಸೆಟ್ಟಿನ ಕೊನೆಯಿಂದ ಶುರು ಮಾಡಿದೆ. ‘ಕರ್ಣಪರ್ವ’ದಲ್ಲಿ ಮಂಗಳದ ನಂತರ ಅಜ್ಜನೇ ಮಾತಾಡಿದ್ದಾರೆ. ಭಾಗವತರ ಹೆಸರು, ಮದ್ದಳೆಯವರ ಹೆಸರು, ಅರ್ಥಧಾರಿಗಳಲ್ಲಿ ಮೂವರ ಹೆಸರು ಸಿಕ್ಕಿತು. ಕರ್ಣನ ಅರ್ಥ ಹೇಳಿದವರ ಹೆಸರಿಗೆ ಸರಿಯಾಗಿ ಯಾರೋ ಪಾತ್ರೆ ಬೀಳಿಸಿದ್ದಾರೆ, ಕೇಳುವುದಿಲ್ಲ. ಆಯಿಗೂ ದನಿ ಗೊತ್ತಾಗಲಿಲ್ಲ. ನಾಳಿದ್ದು ದೊಡ್ಡ ಮಾವ ಬರುತ್ತಾರೆ, ಅವರಿಗೆ ಕೇಳಿಸುತ್ತೇನೆ. ಹೆಸರಿಲ್ಲದ ಒಂದು ಕ್ಯಾಸೆಟ್ಟಿನ ಹಿಂಬದಿಯಲ್ಲಿ ತಾಳಮದ್ದಳೆಯೇ ಇಲ್ಲ, ಹೆಂಗಸರು ಮದುವೆ ಹಾಡು ಹೇಳುತ್ತಿದ್ದಾರೆ. ಅದರಲ್ಲಿ ಒಂದು ದನಿ ನನ್ನ ಅಜ್ಜಿಯದ್ದು. ಆಯಿ ಕೇಳಿ ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ ಎಲ್ಲ ಹಾಡಿನ ಸಾಲನ್ನೂ ಬರೆಸಿದಳು.

ಒಂದು ಪ್ರಶ್ನೆ. ‘ಸಂಧಾನ 2’ರಲ್ಲಿ ಒಂದು ವಿಚಿತ್ರ ಇದೆ. ಶುರುವಿನಲ್ಲಿ ಎಲ್ಲ ಸರಿ. ಹೋಗ್ತಾ ಹೋಗ್ತಾ ಎಲ್ಲರ ದನಿ ತೆಳ್ಳಗಾಗುತ್ತದೆ, ಮಾತಿನ ವೇಗ ಏರುತ್ತದೆ, ಭಾಗವತರ ಶ್ರುತಿಯೂ ಏರುತ್ತದೆ. ಆಮೇಲೆ ಟಕ್ ಅಂತ ಒಂದು ಶಬ್ದ, ಅಲ್ಲಿಂದ ಮತ್ತೆ ಸರಿ. ಡೆಕ್ ಕೆಟ್ಟಿದೆಯಾ?

---

ಕುಮಟಾ ರೇಡಿಯೋ:

ಡೆಕ್ ಚೆನ್ನಾಗಿದೆ ತಂಗಿ. ಆ ರಾತ್ರಿ ನಿಮ್ಮ ಅಜ್ಜ ಟೇಪ್ ರೆಕಾರ್ಡರನ್ನು ಸೆಲ್ಲಿನ ಮೇಲೆ ಓಡಿಸಿದ್ದಾರೆ. ಸೆಲ್ ಇಳಿಯುತ್ತಾ ಬಂದ ಹಾಗೆ ಮೋಟರು ನಿಧಾನವಾಯಿತು, ಟೇಪು ನಿಧಾನವಾಗಿ ಸರಿಯಿತು. ನಿಧಾನಕ್ಕೆ ತುಂಬಿಸಿದ್ದನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಏರುತ್ತದೆ. ಟಕ್ ಅಂದ ಜಾಗದಲ್ಲಿ ನಿಲ್ಲಿಸಿ ಹೊಸ ಸೆಲ್ ಹಾಕಿದ್ದಾರೆ.

ಇದನ್ನು ಸರಿ ಮಾಡಬಹುದು, ಆದರೆ ಪ್ರತಿಯ ಮೇಲೆ ಮಾಡಿ. ಹೊಸ ಸೆಲ್ ಹಾಕಿದ ಮೇಲಿನ ಶ್ರುತಿ ಎಷ್ಟಿದೆ ಅಂತ ಹಾರ್ಮೋನಿಯಂ ಅಥವಾ ಮೊಬೈಲಿನ ಟ್ಯೂನರ್ ಇಟ್ಟು ನೋಡಿಕೊಳ್ಳಿ. ಟಕ್ ಅನ್ನುವುದಕ್ಕೆ ಸ್ವಲ್ಪ ಮುಂಚಿನ ಶ್ರುತಿಯನ್ನೂ ನೋಡಿ. ಎರಡರ ನಡುವಿನ ಅಂತರವೇ ನೀವು ಇಳಿಸಬೇಕಾದದ್ದು. ಆಡಾಸಿಟಿಯಲ್ಲಿ ‘ಸ್ಲೈಡಿಂಗ್ ಸ್ಟ್ರೆಚ್’ ಅಂತ ಇದೆ. ದನಿ ಏರಲು ಶುರುವಾದ ಜಾಗದಿಂದ ಟಕ್ ತನಕ ಆರಿಸಿ, ಶುರುವಿಗೆ ಸೊನ್ನೆ, ಕೊನೆಗೆ ಆ ಅಂತರದಷ್ಟು ಕಡಿಮೆ ಅಂತ ಕೊಡಿ. ವೇಗ ಮತ್ತು ಶ್ರುತಿ ಎರಡಕ್ಕೂ ಒಂದೇ ಪ್ರಮಾಣ ಇರಲಿ. ಶ್ರುತಿ ಮಾತ್ರ ಇಳಿಸಿದರೆ ದನಿ ಸರಿಯಾಗಿ, ಮಾತು ಓಡುತ್ತಲೇ ಇರುತ್ತದೆ. ಸೆಲ್ ಒಂದೇ ಸಮ ಇಳಿಯುವುದಿಲ್ಲ, ಕೊನೆಕೊನೆಗೆ ಬೇಗ ಇಳಿಯುತ್ತದೆ. ಹಾಗಾಗಿ ಎರಡು ಮೂರು ತುಂಡು ಮಾಡಿ ಪ್ರತಿ ತುಂಡಿಗೂ ಬೇರೆ ಲೆಕ್ಕ ಹಾಕಬೇಕಾಗಬಹುದು. ಕಿವಿಗೆ ಒಪ್ಪಿದರೆ ಅಲ್ಲಿಗೆ ಬಿಡಿ.

ಮದುವೆ ಹಾಡಿನ ಬದಿಯನ್ನು ಬೇರೆ ಫೈಲಾಗಿ ಇಟ್ಟು, ಹಾಡಿದ ಎಲ್ಲರ ಹೆಸರು ಆಯಿಯಿಂದ ಬರೆಸಿ. ಕರ್ಣನ ಅರ್ಥ ಹೇಳಿದವರು ಯಾರು ಅಂತ ಮಾವ ಹೇಳಿದರೆ ಇಲ್ಲಿ ತಿಳಿಸಿ. ಅವರಿಗೂ ಗೊತ್ತಾಗದಿದ್ದರೆ ಒಂದು ನಿಮಿಷದ ತುಂಡು ಕಳಿಸಿ, ನಮ್ಮ ಕಡೆಯ ಹಿರಿಯರಿಗೆ ಕೇಳಿಸುತ್ತೇನೆ. ದೇವಿಮನೆ ಘಟ್ಟದ ಮೇಲಿನ ಕೂಟಕ್ಕೆ ಕೆಳಗಿನವರು ಬಂದದ್ದೂ ಇರಬಹುದು.

ಬೂಸ್ಟಿನ ರಾಶಿಯನ್ನು ಈ ಮಳೆಗಾಲದಲ್ಲಿ ತೆರೆಯಬೇಡಿ. ಸಿಲಿಕಾ ಜೆಲ್ ಒದ್ದೆಯಾದರೆ ಬದಲಿಸುತ್ತಾ ಇರಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ, ಹೊರಗೆ ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಿಂದ ಒಂದೊಂದೇ ಒರೆಸೋಣ. ನನ್ನ ಹತ್ತಿರ ಸ್ಕ್ರೂ ಇರುವ ಖಾಲಿ ಚಿಪ್ಪುಗಳಿವೆ, ಸಿರಸಿಗೆ ಬರುವಾಗ ತರುತ್ತೇನೆ. ಎಷ್ಟು ಬೇಕಾಗಬಹುದು ಅಂತ ಎಣಿಸಿ ಹೇಳಿ.